ಅಜ್ಜಿ ಮಗ್ಗುಲಿನ ಮಗುವಿಗೆ ಟೆಡ್ಡಿ ಯಾಕೆ?

'ನಮ್ಮ ಮಕ್ಕಳಿಗೆ ಅಜ್ಜಿ ಇದ್ದಾರೆ, ಟೆಡ್ಡಿ ಯಾಕೆ?' ಎನ್ನುವ ಮಾತು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಓದುವ ಮನೆಗಳಲ್ಲಿ ಹೆಚ್ಚುಕಡಿಮೆ ಒಂದು ಸಿದ್ಧಾಂತವೇ ಆಗಿಬಿಟ್ಟಿದೆ. ಗಾಂಧಿ ಬಜಾರಿನ ಪುಸ್ತಕದಂಗಡಿಯಲ್ಲಿ ಮಗುವೊಂದು ಚಿತ್ರಪುಸ್ತಕ ಎತ್ತಿಕೊಂಡಾಗ ಈ ಸಿದ್ಧಾಂತ ಬಾಯಿಗೆ ಬರುತ್ತದೆ. ಪುಸ್ತಕದಲ್ಲಿ ಒಂದು ಮಗುವಿದೆ, ಅದಕ್ಕೊಂದು ಹಳೆಯ ಬಟ್ಟೆಗೊಂಬೆಯಿದೆ, ಮೊಲವೋ ನಾಯಿಯೋ ಕರಡಿಯೋ. ಗೊಂಬೆ ಕಳೆದುಹೋಗುತ್ತದೆ, ಮನೆಮಂದಿ ಹುಡುಕುತ್ತಾರೆ, ಸಿಗುತ್ತದೆ. ಹಿರಿಯರು ಹಾಳೆ ತಿರುವಿ, ಇದರಲ್ಲಿ ತಿಳಿದುಕೊಳ್ಳೋದಕ್ಕೆ ಏನೂ ಇಲ್ಲವಲ್ಲ ಎಂದು ಅದನ್ನು ಕಪಾಟಿನಲ್ಲಿಟ್ಟು, ಪಂಚತಂತ್ರವನ್ನೋ ಮಹಾಪುರುಷರ ಬಾಲ್ಯವನ್ನೋ ಕೈಗಿಡುತ್ತಾರೆ. ಇದು ಜಿಪುಣತನದ ಮಾತಲ್ಲ. ಮಗುವಿನ ಮೇಲಿನ ಕಾಳಜಿಯಿಂದಲೇ ಬಂದದ್ದು. ಆದ್ದರಿಂದ ನಕ್ಕು ತಳ್ಳಿಹಾಕುವ ಬದಲು ಬಿಡಿಸಿ ನೋಡಬೇಕು. ಬಿಡಿಸಿದರೆ ಅದರೊಳಗೆ ಮೂರು ಬೇರೆ ಬೇರೆ ವಾದಗಳು ಒಂದರ ಕೈ ಒಂದು ಹಿಡಿದು ನಿಂತಿರುವುದು ಕಾಣುತ್ತದೆ.

1. ಮೆತ್ತನೆಯ ಗೊಂಬೆಯನ್ನು ಅಪ್ಪಿಕೊಂಡು ಮಲಗುವ ಅಭ್ಯಾಸ ಕೂಸನ್ನು ಒಂಟಿಯಾಗಿ ಮಲಗಿಸುವ ಸಂಸಾರಗಳಲ್ಲಿ ಹುಟ್ಟಿದ್ದು. ತಾಯಿಯ ಇಲ್ಲವೇ ಅಜ್ಜಿಯ ಮಗ್ಗುಲಲ್ಲಿ ಮಲಗುವ ನಮ್ಮ ಮಕ್ಕಳಿಗೆ ಅದರ ಅಗತ್ಯವಿಲ್ಲ.

2. ಅಗತ್ಯವೇ ಇಲ್ಲದ್ದರ ಬಗ್ಗೆ ಬರೆದ ಪುಸ್ತಕ ನಮ್ಮ ಮಕ್ಕಳಿಗೆ ಪರಕೀಯ. ಅದನ್ನು ಓದಿಸಿದರೆ ಇಲ್ಲದ ಕೊರತೆಯೊಂದನ್ನು ನಾವೇ ಹೇಳಿಕೊಟ್ಟಂತಾಗುತ್ತದೆ.

3. ವಸ್ತುವಿನ ಮೇಲೆ ಮೋಹ ಬೆಳೆಸುವ ಕಥೆಗಿಂತ ನೀತಿಯೋ ತಿಳಿವಳಿಕೆಯೋ ಇರುವ ಕಥೆ ಮೇಲು.

ಮೊದಲನೆಯದಕ್ಕೆ ಆಧಾರವಿದೆ, ಮತ್ತು ಆ ಆಧಾರ ಅದನ್ನು ಆಡುವವರಿಗೆ ಗೊತ್ತಿರುವುದಕ್ಕಿಂತ ಗಟ್ಟಿಯಾಗಿದೆ. ಇಂಗ್ಲೆಂಡಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1951ರಲ್ಲಿ ಮಂಡಿಸಿ 1953ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ತಾನು ಬೇರೆ ತಾಯಿ ಬೇರೆ ಎಂದು ಕೂಸಿಗೆ ಮೆಲ್ಲಗೆ ಅರಿವಾಗುವ ಕಾಲದಲ್ಲಿ ಅದು ಯಾವುದಾದರೂ ಒಂದು ವಸ್ತುವನ್ನು ಹಿಡಿದುಕೊಳ್ಳುತ್ತದೆ, ಆ ವಸ್ತು ಪೂರ್ತಿ ಒಳಗಿನದೂ ಅಲ್ಲ ಪೂರ್ತಿ ಹೊರಗಿನದೂ ಅಲ್ಲ ಎಂದು ವಿವರಿಸಿದರು. ಇದು ಎಲ್ಲ ಮಕ್ಕಳಿಗೂ ಒಂದೇ ಪ್ರಮಾಣದಲ್ಲಿ ಅನ್ವಯಿಸುತ್ತದೆಯೇ ಎಂದು ಆಮೇಲೆ ಎಣಿಸಿ ನೋಡಿದವರಿದ್ದಾರೆ. ಇಟಲಿಯ ಗಡ್ಡೀನಿ ದಂಪತಿ 1970ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಳ್ಳಿಗಾಡಿನ ಮಕ್ಕಳಲ್ಲಿ ಇಂಥ ನೆಚ್ಚಿನ ವಸ್ತು ಇದ್ದವರು ನೂರಕ್ಕೆ ಸುಮಾರು 5 ಮಂದಿ; ರೋಮ್ ನಗರದ ಮಕ್ಕಳಲ್ಲಿ ಸುಮಾರು 31; ರೋಮಿನಲ್ಲೇ ನೆಲೆಸಿದ್ದ ಆಂಗ್ಲ ಮೂಲದ ವಿದೇಶಿ ಸಂಸಾರಗಳ ಮಕ್ಕಳಲ್ಲಿ ಸುಮಾರು 61. ಟೋಕಿಯೊ ಮತ್ತು ನ್ಯೂಯಾರ್ಕಿನ ಮಕ್ಕಳನ್ನು ಹೋಲಿಸಿ 2003ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಟೋಕಿಯೊದ್ದು ನೂರಕ್ಕೆ 38, ನ್ಯೂಯಾರ್ಕಿನದು 62. ಮಗು ನಿದ್ದೆಹೋಗುವ ತನಕ ಯಾರಾದರೂ ಪಕ್ಕದಲ್ಲಿರುವ ಮನೆಗಳಲ್ಲಿ ಗೊಂಬೆಯ ಬಳಕೆ ಕಡಿಮೆ ಎನ್ನುವುದು ಬರೀ ಜಂಬದ ಮಾತಲ್ಲ ಎಂದಾಯಿತು.

ಆದರೆ ಅಂಕಿಗಳನ್ನು ಅರ್ಧಕ್ಕೆ ಓದಿ ನಿಲ್ಲಿಸಬಾರದು. ಜಪಾನಿನಲ್ಲಿ ತಾಯಿ ಮಗು ಒಟ್ಟಿಗೆ ಮಲಗುವುದು ನಮ್ಮಲ್ಲಿಯಷ್ಟೇ ಸಹಜ. ಆದರೂ ಟೋಕಿಯೊದ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕೂ ಮೀರಿ ಇಂಥದ್ದೊಂದನ್ನು ಹಿಡಿದುಕೊಂಡಿದ್ದಾರೆ. ಇಟಲಿಯ ಹಳ್ಳಿಗೂ ರೋಮಿಗೂ ಭಾಷೆ ಒಂದೇ, ಚರ್ಚು ಒಂದೇ. ಆದರೂ ಪ್ರಮಾಣ ಆರು ಪಟ್ಟು ಏರಿದೆ. ಅಂದರೆ ವ್ಯತ್ಯಾಸವಿರುವುದು ಸಂಸ್ಕೃತಿಯ ಆಳದಲ್ಲಲ್ಲ, ಮನೆ ಹೇಗಿದೆ, ಯಾರು ಎಲ್ಲಿ ಮಲಗುತ್ತಾರೆ ಎಂಬುದರಲ್ಲಿ. ಇದನ್ನು ನಮ್ಮ ಬಡಾವಣೆಗಳಿಗೆ ಅನ್ವಯಿಸಿ ನೋಡಿ. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಸುಮಾರಿಗೆ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡಾಗ ಕಟ್ಟಿದ ಮನೆಗಳಲ್ಲಿ ರಾತ್ರಿಯಾದರೆ ನಡುಮನೆಯಲ್ಲಿ ಸಾಲಾಗಿ ಹಾಸಿಗೆ ಬಿಚ್ಚುತ್ತಿದ್ದರು. ಯಾವ ಮಗು ಯಾರ ಹೊದಿಕೆಯೊಳಗೆ ನುಸುಳಿದೆ ಎಂದು ಬೆಳಗ್ಗೆ ಎಣಿಸಬೇಕಾಗುತ್ತಿತ್ತು. ಅದೇ ನಿವೇಶನಗಳಲ್ಲಿ ಇಂದು ನಾಲ್ಕಂತಸ್ತಿನ ಅಪಾರ್ಟ್‌ಮೆಂಟುಗಳಿವೆ. ಮಗು ಎರಡೂವರೆ ವರ್ಷಕ್ಕೆ ಪ್ಲೇ ಹೋಮಿಗೆ ಹೋಗುತ್ತದೆ. ಅಜ್ಜಿ ಇದ್ದಾರೆ ನಿಜ, ಜೆ.ಪಿ. ನಗರದಲ್ಲಿದ್ದಾರೆ; ಭಾನುವಾರ ಬರುತ್ತಾರೆ. ವಾದದ ಮೊದಲ ಮಾತು ನಿಂತಿರುವುದು ಈ ಊರು ಬಿಟ್ಟುಕೊಟ್ಟ ಒಂದು ಮನೆಯ ಮೇಲೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಎಣಿಸುವವರು ಏನನ್ನು ಎಣಿಸಿದರು, ಮತ್ತು 'ನಮ್ಮಲ್ಲಿ ಇಲ್ಲ' ಎನ್ನುವವರು ಏನನ್ನು ಹುಡುಕಿದರು? ವಿನಿಕಾಟ್ ಹೇಳಿದ್ದು ಕರಡಿಗೊಂಬೆಯ ವಿಷಯವೊಂದನ್ನೇ ಅಲ್ಲ. ಕಂಬಳಿಯ ಒಂದು ಮೂಲೆ, ಉಣ್ಣೆಯ ಒಂದು ಎಳೆ, ನಿದ್ದೆಗೆ ಮುನ್ನ ಕೂಸು ತನಗೆ ತಾನೇ ಗುನುಗುವ ರಾಗ, ಇವೆಲ್ಲವನ್ನೂ ಅವರು ಅದೇ ಸಾಲಿಗೆ ಸೇರಿಸಿದ್ದರು. ಈಗ ನಮ್ಮ ಮನೆಗಳ ಕಡೆ ತಿರುಗಿ. ಅಜ್ಜಿಯ ಹಳೆಯ ನೂಲಿನ ಸೀರೆಯನ್ನು ಎರಡಾಗಿ ಮಡಿಸಿ ಅಂಚು ಹೊಲಿದ ಹೊದಿಕೆಯನ್ನು ನೋಡದವರು ಯಾರು? ಹತ್ತಾರು ವರ್ಷ ಒಗೆದೊಗೆದು ಅದು ಬಾಳೆಸುಳಿಯಷ್ಟು ನುಣುಪಾಗಿರುತ್ತದೆ. ಮಗುವಿಗೆ ಆ ಹೊದಿಕೆಯೇ ಬೇಕು, ಆ ಹೊದಿಕೆಯಲ್ಲೂ ಒಂದು ಮೂಲೆಯೇ ಬೇಕು. ಆ ಮೂಲೆಯನ್ನು ಬೆರಳಿಗೆ ಸುತ್ತಿ, ಮೂಗಿಗೆ ಒತ್ತಿ, ಚೀಪಿ ಚೀಪಿ ಅಂಚೆಲ್ಲ ಒರಟಾಗಿ, ಬಣ್ಣ ಹೋಗಿ, ಹಾಲು ಜೊಲ್ಲು ಕೊಬ್ಬರಿಎಣ್ಣೆಗಳ ಕಮಟು ಅದರಲ್ಲಿ ನೆಲೆಯಾಗಿರುತ್ತದೆ. ಅದನ್ನು ಒಗೆಯಲು ಹಾಕಿದ ದಿನ ಮನೆಯಲ್ಲಿ ರಂಪ. ಒಣಗಿಸಿ ತಂದುಕೊಟ್ಟರೂ ಮಗು ಮೂಸಿ ನೋಡಿ, ಇದು ಅದಲ್ಲ ಎಂದು ಎಸೆಯುತ್ತದೆ. ವಿನಿಕಾಟ್ ಕೂಡ ಇದನ್ನೇ ಗಮನಿಸಿದ್ದರು: ತಾಯಂದಿರು ಇಂಥ ವಸ್ತು ಕೊಳೆಯಾಗಿ ನಾತ ಹೊಡೆದರೂ ಒಗೆಯಲು ಹಿಂಜರಿಯುತ್ತಾರೆ, ಒಗೆದರೆ ಅದರ ಬೆಲೆಯೇ ಹೋಗಬಹುದೆಂದು ಅವರಿಗೆ ಗೊತ್ತು. ತಾಯಿಯ ಸೆರಗಿನ ತುದಿ ಹಿಡಿಯದೆ, ಅಜ್ಜಿಯ ಕಿವಿಯ ಹಾಲೆ ಹಿಸುಕದೆ ನಿದ್ದೆ ಬಾರದ ಮಕ್ಕಳನ್ನು ಇದಕ್ಕೆ ಸೇರಿಸಿದರೆ ನಮ್ಮ ಪಟ್ಟಿ ಚಿಕ್ಕದಾಗಿ ಉಳಿಯುವುದಿಲ್ಲ. ಎರಡು ಕಣ್ಣು, ಎರಡು ಕಿವಿ, ಒಂದು ಬಾಲ ಇರುವುದನ್ನಷ್ಟೇ ಹುಡುಕಿ, ಸಿಗಲಿಲ್ಲವೆಂದು ನಾವು ತೀರ್ಮಾನಕ್ಕೆ ಬಂದಿದ್ದೇವೆ.

ಕಿವಿಯ ಹಾಲೆ ವ್ಯಕ್ತಿಯದು, ಗೊಂಬೆ ವಸ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಹುದೇ ಎಂದು ಯಾರಾದರೂ ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಪೂರ್ತಿ ಹಾಕಲಾಗದು. ಕಿವಿ ಹಿಡಿದ ಮಗು ಇನ್ನೂ ಅಜ್ಜಿಯನ್ನೇ ಹಿಡಿದಿದೆ. ಆದರೆ ಹೊದಿಕೆಯ ಮೂಲೆ ಹಾಗಲ್ಲ. ಅಜ್ಜಿ ಎದ್ದು ಅಡುಗೆಮನೆಗೆ ಹೋದ ಮೇಲೂ ಮಗುವಿನ ಕೈಯಲ್ಲಿರುತ್ತದೆ, ಮಗು ಊರಿಗೆ ಹೋದರೆ ಜೊತೆಗೆ ಹೋಗುತ್ತದೆ, ಮದುವೆಮನೆಯ ಗದ್ದಲದಲ್ಲೂ ಅದನ್ನೇ ಕೇಳುತ್ತದೆ. ಅಜ್ಜಿ ಇದ್ದುದರಿಂದ ಅದರ ಅಗತ್ಯ ಬೀಳಲಿಲ್ಲ ಎನ್ನುವುದಕ್ಕಿಂತ ಅಜ್ಜಿಯಿಂದಲೇ ಅದು ಹುಟ್ಟಿತು ಎನ್ನುವುದು ಹೆಚ್ಚು ಸರಿ. ಇಲ್ಲಿಗೆ 'ಅಜ್ಜಿಯೋ ಗೊಂಬೆಯೋ' ಎಂಬ ಎದುರುಬದುರೇ ಬಿದ್ದುಹೋಗುತ್ತದೆ. ಪುಸ್ತಕದ ವಿಷಯಕ್ಕೆ ಬಂದರಂತೂ ಅದು ಇನ್ನೂ ಅಸಂಬದ್ಧ. ಮೂರು ವರ್ಷದ ಮಗುವಿಗೆ ಅಕ್ಷರ ಬಾರದು. ಚಿತ್ರಪುಸ್ತಕವನ್ನು ಯಾರಾದರೂ ತೊಡೆಯ ಮೇಲೆ ಕೂರಿಸಿಕೊಂಡು ಓದಿಹೇಳಬೇಕು. ಗೊಂಬೆಯ ಪುಸ್ತಕ ಅಜ್ಜಿಯ ಜಾಗ ಕಿತ್ತುಕೊಳ್ಳುತ್ತದೆಂಬ ಭಯ ಅಜ್ಜಿಯಿಲ್ಲದೆ ತೆರೆಯಲೂ ಆಗದ ಪುಸ್ತಕದ ಬಗ್ಗೆ ಹುಟ್ಟಿದ್ದು.

ಎರಡನೆಯ ವಾದ, ಇದು ಪರಕೀಯ ಎನ್ನುವುದು. ಟೆಡ್ಡಿ ನಮ್ಮಲ್ಲಿ ಹುಟ್ಟಿದ್ದಲ್ಲ, ಒಪ್ಪೋಣ. ಆದರೆ ಅದು ಅವರಲ್ಲೂ ಅನಾದಿಕಾಲದ್ದೇನಲ್ಲ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮಿಸಿಸಿಪ್ಪಿಯ ಬೇಟೆಯಲ್ಲಿ ಕಟ್ಟಿಹಾಕಿದ್ದ ಕರಡಿಯನ್ನು ಗುಂಡಿಕ್ಕಲು ಒಪ್ಪಲಿಲ್ಲ. ಅದರ ವ್ಯಂಗ್ಯಚಿತ್ರ ನೋಡಿ ಬ್ರೂಕ್ಲಿನ್‌ನ ಅಂಗಡಿಕಾರ ಮಾರಿಸ್ ಮಿಕ್ಟಮ್ ಕರಡಿಗೊಂಬೆ ಮಾಡಿ ಅಧ್ಯಕ್ಷರ ಅಡ್ಡಹೆಸರಿನಿಂದ ಮಾರಿದ. ಅದೇ ಸುಮಾರಿಗೆ ಜರ್ಮನಿಯ ಸ್ಟೈಫ್ ಕಂಪನಿಯೂ ಕರಡಿಗಳನ್ನು ಹೊಲಿಯತೊಡಗಿತು. ಚಾಮರಾಜಪೇಟೆಗಿಂತ ಟೆಡ್ಡಿ ಹತ್ತು ವರ್ಷ ಚಿಕ್ಕದು. ಇನ್ನು ಹೊರಗಿನಿಂದ ಬಂದ ಕಥೆ ನಮ್ಮದಾಗದು ಎನ್ನುವವರು ಕನ್ನಡ ಮಕ್ಕಳ ಸಾಹಿತ್ಯದ ಬುಡವನ್ನೇ ಅಲುಗಿಸುತ್ತಾರೆ. ಪಂಜೆ ಮಂಗೇಶರಾಯರು ಮೂರು ಕರಡಿಗಳ ಕಥೆಯನ್ನು ಕನ್ನಡಕ್ಕೆ ತಂದರು. ಕುವೆಂಪು ರಾಬರ್ಟ್ ಬ್ರೌನಿಂಗನ ಪೈಡ್ ಪೈಪರನನ್ನು ತುಂಗೆಯ ದಡಕ್ಕೆ ಕರೆತಂದು ಕಿಂದರಿಜೋಗಿಯನ್ನಾಗಿಸಿದರು. ಈಗ ಯಾರಾದರೂ ಅವನನ್ನು ಜರ್ಮನಿಯವನೆಂದು ಗುರುತಿಸುತ್ತಾರೆಯೇ?

ಪರಕೀಯ ಎನ್ನುವ ಮಾತು ಇನ್ನೂ ಹೆಚ್ಚು ಸೋಲುವುದು ನವರಾತ್ರಿಯಲ್ಲಿ. ಈ ಮೂರು ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಗೊಂಬೆ ಕೂರಿಸುತ್ತಾರೆ. ಬೆಸಸಂಖ್ಯೆಯ ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳನ್ನು ಇಡುತ್ತಾರೆ. ತವರಿನಿಂದ ಮದುವೆಯಲ್ಲಿ ಬಂದ ಆ ಮರದ ಜೋಡಿಗೆ ವರ್ಷವರ್ಷವೂ ಹೊಸ ಜರಿಬಟ್ಟೆ, ಮುತ್ತಿನ ಸರ, ಪೇಟ. ಕೆಳಗೆ ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು, ಮಣ್ಣಿನ ಶೆಟ್ಟಿ ದಂಪತಿ, ಮೂಗು ಮುರಿದು ಫೆವಿಕಾಲ್ ಹಚ್ಚಿಸಿಕೊಂಡ ಕೃಷ್ಣ. ಸಂಜೆ ಆರತಿ, ಬಂದ ಮಕ್ಕಳಿಗೆ ಗೊಂಬೆ ಬಾಗಿನ. ಎಷ್ಟೋ ಮನೆಗಳಲ್ಲಿ ವಿಜಯದಶಮಿಯ ರಾತ್ರಿ ಒಂದೆರಡು ಗೊಂಬೆಗಳನ್ನು ಮಲಗಿಸುವ ಪದ್ಧತಿಯೂ ಇದೆ. ಆಮೇಲೆ ಒಂದೊಂದನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿಗೆ ಸೇರಿಸುತ್ತಾರೆ. ಇಷ್ಟೆಲ್ಲ ಮಾಡುವವರು ಬಾಲಿಶರಲ್ಲ, ಅವರ ಮೇಲೆ ಪಶ್ಚಿಮದ ಪ್ರಭಾವ ಬಿದ್ದಿದೆಯೆಂದು ಯಾರೂ ಹೇಳುವುದೂ ಇಲ್ಲ. ಅರವತ್ತು ವರ್ಷದ ಗೃಹಿಣಿ ಪಟ್ಟದ ಗೊಂಬೆಯನ್ನು ಮಲಗಿಸಿದರೆ ಸಂಪ್ರದಾಯ, ಆಕೆಯ ಮೂರು ವರ್ಷದ ಮೊಮ್ಮಗಳು ಬಟ್ಟೆಯ ಆನೆಯನ್ನು ಮಲಗಿಸಿದರೆ ಅನುಕರಣೆ ಎನ್ನುವ ತರ್ಕ ನನಗಂತೂ ಅರ್ಥವಾಗಿಲ್ಲ.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ; ವ್ಯತ್ಯಾಸವೇ ಇಲ್ಲಿ ಮುಖ್ಯ. ಕೂರಿಸಿದ ಗೊಂಬೆ ಮನೆತನದ್ದು. ಅದಕ್ಕೆ ಇಡೀ ಮನೆ ಬೆಲೆ ಕೊಟ್ಟಿದೆ, ಅದರ ವಂಶಾವಳಿ ಎಲ್ಲರಿಗೂ ಗೊತ್ತು, ನೋಡಲು ನೆರೆಹೊರೆಯವರು ಬರುತ್ತಾರೆ. ಮತ್ತು ಆ ಮೆಟ್ಟಿಲ ಮುಂದೆ ಮಗುವಿಗೆ ಸಿಗುವ ಮೊದಲ ಅಪ್ಪಣೆ, 'ಮುಟ್ಟಬೇಡ.' ಮಗುವಿನ ಆನೆಗೆ ಬೆಲೆ ಕೊಟ್ಟದ್ದು ಮಗು ಒಂದೇ. ಅದು ಕೊಳಕಾಗಿದೆ, ಒಂದು ಕಿವಿ ಕಿತ್ತಿದೆ, ಹೊಲಿಗೆ ಬಿಟ್ಟು ಹತ್ತಿ ಇಣುಕುತ್ತಿದೆ. ಮನೆಗೆ ನೆಂಟರು ಬಂದರೆ ತಾಯಿ ಅದನ್ನು ಸೋಫಾದ ಹಿಂದಕ್ಕೆ ತಳ್ಳುತ್ತಾರೆ. ಅದರ ಮಹತ್ವಕ್ಕೆ ಮನೆಯಲ್ಲಿ ಸಾಕ್ಷಿಯಿಲ್ಲ. ಚಿತ್ರಪುಸ್ತಕ ಮಾಡುವ ಕೆಲಸ ಇಲ್ಲಿದೆ: ಒಬ್ಬರೇ ಬೆಲೆ ಕೊಟ್ಟ ವಸ್ತುವಿಗೂ ಬೆಲೆಯುಂಟು ಎಂದು ಅದು ಮಗುವಿಗೆ ಮೊದಲ ಸಲ ಹೊರಗಿನಿಂದ ಹೇಳುತ್ತದೆ. ಗೊಂಬೆಗಳನ್ನು ಇಷ್ಟು ಗೌರವಿಸುವ ಸಮಾಜದಲ್ಲಿ ಮಗುವಿನ ಕೈಯಲ್ಲಿರುವ ಗೊಂಬೆಗೆ ಮಾತ್ರ ಗೌರವವಿಲ್ಲದಿರುವುದು ವಿಚಿತ್ರ. ವಿನ್ನಿ ದಿ ಪೂಹ್ ಕಥೆಗಳಿಗೆ ಮೂಲವಾದ ಗೊಂಬೆಗಳೂ ಕಡೆಗೆ ಮೆಟ್ಟಿಲು ಹತ್ತಿದವು ಎನ್ನುವುದನ್ನು ಸೇರಿಸಬೇಕು. ಆ ಕಥೆಗಳನ್ನು ಬರೆದ ಮಿಲ್ನ್ ಅವರ ಮಗ ಆಡಿ ಸವೆಸಿದ ಆ ಕರಡಿ, ಕತ್ತೆ, ಹುಲಿಗಳು 1987ರಿಂದ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಗಾಜಿನ ಹಿಂದಿವೆ. ಈಗ ಅವನ್ನೂ ಮುಟ್ಟುವಂತಿಲ್ಲ.

ಮೂರನೆಯ ವಾದ ಮೋಹದ್ದು, ಮತ್ತು ಬಸವನಗುಡಿಯಲ್ಲಿ ಅದರ ತೂಕ ಹೆಚ್ಚು. ವಸ್ತುವಿಗೆ ಅಂಟಿಕೊಳ್ಳುವುದೇ ಮಮಕಾರದ ಮೊದಲ ಪಾಠ, ಇಂದು ಟೆಡ್ಡಿ ನಾಳೆ ಬೈಕು ನಾಡಿದ್ದು ಸೈಟು ಎಂದು ಹೇಳುವವರಿದ್ದಾರೆ. ಈ ಸಾಲು ಓದಲು ಚೆನ್ನಾಗಿದೆ, ಮೊದಲ ಕೊಂಡಿಯೇ ಸರಿಯಿಲ್ಲ. ಕೊಳ್ಳುಬಾಕತನದ ಲಕ್ಷಣವೇನು? ಹಳೆಯದು ಬೇಸರ, ಹೊಸದು ಬೇಕು, ಒಂದರ ಬದಲಿಗೆ ಇನ್ನೊಂದು ನಡೆಯುತ್ತದೆ. ಗೊಂಬೆ ಕಳೆದುಕೊಂಡ ಮಗುವಿನ ಲಕ್ಷಣವೇನು? ಅಂಥದ್ದೇ ಹೊಸದು ತಂದುಕೊಟ್ಟರೂ ಬೇಡ. ಶರ್ಲಿ ಹ್ಯೂಸ್ 1977ರಲ್ಲಿ ಬರೆದು ಚಿತ್ರಿಸಿದ, ಕೇಟ್ ಗ್ರೀನವೇ ಪದಕ ಪಡೆದ 'ಡಾಗರ್' ಎಂಬ ಚಿತ್ರಪುಸ್ತಕದ ಕಥೆ ಇದನ್ನೇ ಕಾಣಿಸುತ್ತದೆ. ಪುಟ್ಟ ಹುಡುಗ ಡೇವ್ ಕಳೆದುಕೊಂಡ ಸವೆದ ನಾಯಿಗೊಂಬೆ ಶಾಲೆಯ ಜಾತ್ರೆಯ ಅಂಗಡಿಯಲ್ಲಿ ಮಾರಾಟಕ್ಕೆ ಕೂತಿದೆ. ಹಣ ತರುವಷ್ಟರಲ್ಲಿ ಬೇರೊಬ್ಬ ಹುಡುಗಿ ಕೊಂಡುಬಿಡುತ್ತಾಳೆ. ಡೇವನ ಅಕ್ಕ ಬೆಲ್ಲಾ ಲಾಟರಿಯಲ್ಲಿ ಗೆದ್ದ ದೊಡ್ಡ ಹೊಸ ಟೆಡ್ಡಿಯನ್ನು ಆ ಹುಡುಗಿಗೆ ಕೊಟ್ಟು ತಮ್ಮನ ಹಳೆಯ ನಾಯಿಯನ್ನು ಬಿಡಿಸಿ ತರುತ್ತಾಳೆ. ಪೇಟೆಯ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರ. ಡಾನ್ ಫ್ರೀಮನ್ ಅವರ 'ಕಾರ್ಡುರಾಯ್' (1968) ಕಥೆಯಲ್ಲೂ, ಗುಂಡಿ ಬಿದ್ದುಹೋದ ಕರಡಿ ಹೊಸದಾಗಿ ಕಾಣುತ್ತಿಲ್ಲವೆಂದು ತಾಯಿ ಬೇಡವೆನ್ನುತ್ತಾರೆ, ಮಗಳು ಮರುದಿನ ತನ್ನ ಉಳಿತಾಯದ ಕಾಸು ತಂದು ಅದನ್ನೇ ಕೊಳ್ಳುತ್ತಾಳೆ. ಇವು ಅಂಗಡಿಯ ಪರವಾಗಿ ಮಾತಾಡುವ ಕಥೆಗಳಲ್ಲ. ಮಮಕಾರ ಇದೆ, ಒಪ್ಪುತ್ತೇನೆ. ಆದರೆ ಯಾವುದರ ಮೇಲೂ ಮಮಕಾರವಿಲ್ಲದ ಮೂರು ವರ್ಷದ ಮಗುವನ್ನು ವಿರಾಗಿಯೆಂದು ಹೊಗಳುವ ಬದಲು ಡಾಕ್ಟರ ಬಳಿಗೆ ಕರೆದೊಯ್ಯುತ್ತೇವೆ.

ಮೋಹದ ವಾದದಲ್ಲಿ ನಿಜವಾಗಿ ಹರಿತವಾದ ಭಾಗ ಬೇರೆ ಇದೆ, ಅದನ್ನು ಆಡುವವರು ಕಡಿಮೆ. ಗೊಂಬೆಯ ಪುಸ್ತಕಗಳು ಗೊಂಬೆಯ ಜಾಹೀರಾತುಗಳಾಗಿವೆ. ಪೂಹ್ ಹಕ್ಕು 1961ರಲ್ಲಿ ಡಿಸ್ನಿಯ ಕೈಸೇರಿದ ಮೇಲೆ ಆ ಕರಡಿಯ ಮುಖ ಯಾವ ಯಾವ ಬ್ಯಾಗು, ಬಾಟಲಿ, ಹಾಸಿಗೆ ಹೊದಿಕೆಯ ಮೇಲೆ ಬಂತೆಂದು ಲೆಕ್ಕವಿಟ್ಟವರಿಲ್ಲ. ಒಂದೇ ಒಂದು ಗೊಂಬೆಯ ಕಥೆ ಓದಿದ ಮಗುವಿಗೆ ಲಕ್ಷಗಟ್ಟಲೆ ಒಂದೇ ಅಚ್ಚಿನ ಗೊಂಬೆ ಮಾರುವುದು ಕಥೆಗೇ ಮಾಡಿದ ಮೋಸ. ಆದರೆ ಇದರಿಂದ ಬರುವ ತೀರ್ಮಾನ ಏನು? ಕನ್ನಡದಲ್ಲಿ ಇಂಥ ಪುಸ್ತಕ ಬೇಡ ಎಂದಲ್ಲ. ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಒಂದು ಅನುಕೂಲವೇ ಇದೆ, ನಮ್ಮ ಚಿತ್ರಪುಸ್ತಕದ ಹಿಂದೆ ಗೊಂಬೆ ಮಾರುವ ಕಂಪನಿ ನಿಂತಿಲ್ಲ. ಕಥೆಯ ಗೊಂಬೆ ಟೈಲರ್ ಅಂಗಡಿಯ ಚೂರುಬಟ್ಟೆಯಲ್ಲಿ ಹೊಲಿದದ್ದಾಗಿರಬಹುದು, ಹಳೆಯ ಕಾಲುಚೀಲಕ್ಕೆ ಹತ್ತಿ ತುಂಬಿದ್ದಾಗಿರಬಹುದು. ಸಾಫ್ಟ್ ಟಾಯ್ ಉಳ್ಳವರ ಮನೆಯ ವಸ್ತು, ಅದರ ಕಥೆ ಬಡ ಮಗುವನ್ನು ಹೊರಗಿಡುತ್ತದೆ ಎಂಬ ಆಕ್ಷೇಪಕ್ಕೂ ಇದೇ ಉತ್ತರ. ಬಡ ಮಗುವನ್ನು ಹೊರಗಿಡುವುದು ಪುಸ್ತಕದ ಬೆಲೆ. ನಾಲ್ಕು ಬಣ್ಣದ ಮುದ್ರಣ, ದಪ್ಪ ಕಾಗದ, ಸಣ್ಣ ಮುದ್ರಣಸಂಖ್ಯೆ ಸೇರಿ ಚಿತ್ರಪುಸ್ತಕವನ್ನು ದುಬಾರಿ ಮಾಡುತ್ತವೆ. 2004ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಪ್ರಥಮ್ ಬುಕ್ಸ್ ಹಲವು ಭಾಷೆಗಳಲ್ಲಿ ಒಟ್ಟಿಗೆ ಅಚ್ಚುಹಾಕಿ ಬೆಲೆ ಇಳಿಸಿತು. 2015ರಲ್ಲಿ ಸ್ಟೋರಿವೀವರ್ ಮೂಲಕ ಕಥೆಗಳನ್ನು ಯಾರು ಬೇಕಾದರೂ ಅನುವಾದಿಸಿ ಅಚ್ಚುಹಾಕಬಹುದಾದ ಮುಕ್ತ ಪರವಾನಗಿಯಲ್ಲಿ ಬಿಟ್ಟಿತು. ಬೆಲೆಯ ಸಮಸ್ಯೆಗೆ ದಾರಿಗಳಿವೆ. ವಿಷಯವನ್ನು ಬದಲಿಸಿದರೆ ಆ ಸಮಸ್ಯೆ ತೀರುವುದಿಲ್ಲ.

ಇನ್ನು ನೀತಿ. ಕನ್ನಡದಲ್ಲಿ ಆಟಿಕೆಯ ಬಗ್ಗೆ ಅತಿ ಪ್ರಸಿದ್ಧ ರಚನೆ ಜಿ.ಪಿ. ರಾಜರತ್ನಂ ಅವರ 'ತುತ್ತೂರಿ.' ಕಸ್ತೂರಿ ಎಂಬ ಹುಡುಗ ತಗಡಿನ ತುತ್ತೂರಿ ಕೊಂಡ, ಇಂಥದ್ದು ಇನ್ಯಾರ ಬಳಿಯೂ ಇಲ್ಲವೆಂದು ಮೆರೆದ, ಕೊಳದ ಬಳಿ ಅದು ನೀರಿಗೆ ಜಾರಿತು. ತುತ್ತೂರಿಯ ಬಣ್ಣ ಹೋಯಿತು, ದನಿ ಕೆಟ್ಟಿತು, ಕವಿತೆ ಹುಡುಗನ ಜಂಬವನ್ನು ಗೇಲಿ ಮಾಡಿ ಮುಗಿಯಿತು. ತಲೆಮಾರುಗಳು ಇದನ್ನು ಬಾಯಿಪಾಠ ಮಾಡಿವೆ, ಮಾಡಲಿ. ಅದರ ನಾದಕ್ಕೆ ಸಾಟಿಯಿಲ್ಲ. ಆದರೆ ಒಂದನ್ನು ಗಮನಿಸಿ. ಮಗು ತನ್ನ ಪ್ರೀತಿಯ ಆಟಿಕೆ ಹಾಳುಮಾಡಿಕೊಂಡು ಅಳುತ್ತಿರುವಾಗ ಆ ಕವಿತೆಯೊಳಗೆ ಅದರ ಪಕ್ಕ ಕೂರುವವರು ಯಾರೂ ಇಲ್ಲ. ಅದಕ್ಕೆ ಸಿಗುವುದು ನಗು ಮತ್ತು ತೀರ್ಪು. ಇದು ರಾಜರತ್ನಂ ಅವರ ದೋಷವೆಂದು ನಾನು ಹೇಳುವುದಿಲ್ಲ. ಅದು ಹಾಸ್ಯದ ಪದ್ಯ, ಹಾಸ್ಯಕ್ಕೆ ಅದರದೇ ಹಕ್ಕಿದೆ, ಮೇಲಾಗಿ ಮಗುವಿನ ಮಾತಿನಲ್ಲಿ ಮಗುವಿನ ವಸ್ತುವಿನ ಬಗ್ಗೆ ಬರೆಯಬಹುದೆಂದು ತೋರಿಸಿಕೊಟ್ಟವರೇ ಅವರು. ಅದು ಒಂದೇ ಮಾದರಿಯಾಗಿ ಉಳಿದದ್ದು ದೋಷ. ಅವರದೇ ನಾಯಿಮರಿಯೂ ತಿಂಡಿಗೆ ಬದಲಾಗಿ ಮನೆ ಕಾಯುವ ಕರಾರಿಗೆ ಒಪ್ಪಬೇಕಾಯಿತಲ್ಲ! ಆಮೇಲೆ ನಾವು ಮಕ್ಕಳಿಗಾಗಿ ಮಾಡಿದ ದೊಡ್ಡ ಕೆಲಸಗಳನ್ನು ನೋಡಿ. ಶಿವರಾಮ ಕಾರಂತರ 'ಬಾಲ ಪ್ರಪಂಚ' 1936ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಜ್ಞಾನಭಂಡಾರ. ರಾಷ್ಟ್ರೋತ್ಥಾನ ಪರಿಷತ್ತಿನ 'ಭಾರತ ಭಾರತಿ' ಮಾಲೆ, ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ, ಮಹನೀಯರ ಜೀವನದ 510 ಪುಟ್ಟ ಪುಸ್ತಕಗಳನ್ನು ಮನೆಮನೆಗೆ ತಲುಪಿಸಿತು. ಒಂದು ಮಗುವನ್ನು ತಿಳಿದವನನ್ನಾಗಿ ಮಾಡಲು, ಇನ್ನೊಂದು ಒಳ್ಳೆಯವನನ್ನಾಗಿ ಮಾಡಲು. ಎರಡರ ಕಣ್ಣೂ ಮಗು ಮುಂದೆ ಏನಾಗಬೇಕು ಎಂಬುದರ ಮೇಲಿದೆ. ಮಗು ಈಗ ಏನಾಗಿದೆ, ಮಂಗಳವಾರ ಸಂಜೆ ಅದರ ಮೊಲ ಆಟೋದಲ್ಲಿ ಉಳಿದುಹೋದಾಗ ಅದಕ್ಕೆ ಏನಾಯಿತು ಎಂಬುದಕ್ಕೆ ಈ ಕಪಾಟಿನಲ್ಲಿ ಜಾಗವಿಲ್ಲ. ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮ 1938ರಲ್ಲಿ ಮಕ್ಕಳ ಕೂಟ ಕಟ್ಟಿದಾಗ ಮಕ್ಕಳ ಆಟಪಾಟಕ್ಕೇ ಒಂದು ಅಂಗಳ ಸಿಕ್ಕಿತ್ತು. ಪುಸ್ತಕದಲ್ಲಿ ಅಷ್ಟು ಜಾಗವನ್ನು ನಾವು ಇನ್ನೂ ಬಿಟ್ಟುಕೊಟ್ಟಿಲ್ಲ.

ಇದೇ ಬಸವನಗುಡಿಯ ಇನ್ನೊಂದು ಪರಂಪರೆಯಿಂದ ಬರಬಹುದಾದ ಆಕ್ಷೇಪ ವಿಚಾರವಾದಿಗಳದ್ದು. ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದರು, 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು; ಪ್ರಶ್ನಿಸದೆ ಒಪ್ಪಬೇಡಿ ಎಂದು ಇಡೀ ತಲೆಮಾರಿಗೆ ಕಲಿಸಿದರು. ಆ ಗಾಳಿಯಲ್ಲಿ ಬೆಳೆದವರು, ಗೊಂಬೆಗೆ ಜೀವವಿದೆಯೆಂಬ ಕಥೆ ಹೇಳಿ ಮಗುವಿಗೆ ಸುಳ್ಳು ಕಲಿಸಬೇಕೇ ಎಂದು ಕೇಳಬಹುದು. ಆದರೆ ಮಗು ಇಲ್ಲಿ ಮೋಸಹೋಗಿಲ್ಲ. ಆನೆಗೆ ಇಡ್ಲಿ ತಿನ್ನಿಸುವ ಮಗು ಬರಿದಾದ ತಟ್ಟೆಯಿಂದಲೇ ತಿನ್ನಿಸುತ್ತದೆ. ಒಮ್ಮೆ ನಿಜವಾದ ಇಡ್ಲಿ ಆ ಬಟ್ಟೆಯ ಬಾಯೊಳಗೆ ಮಾಯವಾದರೆ ಮಗು ಕಿರುಚಿಕೊಂಡು ಓಡುತ್ತದೆ. ಅದಕ್ಕೆ ಗೊತ್ತು. ಪವಾಡಪುರುಷ ನಿಮ್ಮಿಂದ ನಂಬಿಕೆ ಕೇಳುತ್ತಾನೆ, ಮಗು ನಿಮ್ಮಿಂದ ಸಹಕಾರ ಕೇಳುತ್ತದೆ. ಆಟ ಮುಗಿದ ಮೇಲೆ ಅದನ್ನು ಹಿಂದಕ್ಕೂ ಕೊಡುತ್ತದೆ. ನಾಟಕ ನೋಡುವಾಗ ನಾವು ಮಾಡುವುದೂ ಅಷ್ಟೇ. ಈ ಸಾಮರ್ಥ್ಯವನ್ನು ಮೂರನೇ ವರ್ಷಕ್ಕೇ ಸುಳ್ಳೆಂದು ಚಿವುಟಿದರೆ ಮುಂದೆ ಸಿಗುವುದು ವೈಜ್ಞಾನಿಕ ಮನೋಭಾವವಲ್ಲ, ಬರೀ ಅಕ್ಷರಾರ್ಥ ಹಿಡಿದು ಜಗಳವಾಡುವ ಬುದ್ಧಿ.

ಹಾಗಾದರೆ ಇಂಗ್ಲಿಷಿನ ಪುಸ್ತಕಗಳನ್ನು ಅನುವಾದಿಸಿದರೆ ಆಯಿತಲ್ಲ ಎಂದರೆ, ಕೆಲವನ್ನು ಅನುವಾದಿಸಬಹುದು. ಮಾರ್ಜರಿ ವಿಲಿಯಮ್ಸ್ 1922ರಲ್ಲಿ ಬರೆದ 'ದಿ ವೆಲ್ವೆಟೀನ್ ರ‍್ಯಾಬಿಟ್' ಚಿತ್ರಪುಸ್ತಕಕ್ಕಿಂತ ದೊಡ್ಡ ಕಥೆ. ಅದರಲ್ಲಿ ಹುಡುಗನಿಗೆ ಸ್ಕಾರ್ಲೆಟ್ ಜ್ವರ ಬಂದು ವಾಸಿಯಾದ ಮೇಲೆ, ಸೋಂಕು ತಗಲಿದೆಯೆಂದು ಅವನ ಮೊಲವನ್ನು ಸುಡಲು ಹೊರಗೆ ಹಾಕುತ್ತಾರೆ. ಪ್ಲೇಗಿನಿಂದಲೇ ಹುಟ್ಟಿದ ಬಡಾವಣೆಗಳಲ್ಲಿ, ಸೋಂಕಿನ ಮನೆಯ ಬಟ್ಟೆಬರೆ ಸುಟ್ಟ ಕಾಲದ ಮಾತನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಆದರೆ ಮೋ ವಿಲೆಮ್ಸ್ 2004ರಲ್ಲಿ ಪ್ರಕಟಿಸಿದ 'ಕನಫಲ್ ಬನ್ನಿ'ಯಲ್ಲಿ, ಇನ್ನೂ ಮಾತು ಬಾರದ ಮಗುವಿನ ಮೊಲ ಉಳಿದುಬಿಡುವುದು ಬ್ರೂಕ್ಲಿನ್‌ನ ಬಟ್ಟೆ ಒಗೆಯುವ ಅಂಗಡಿಯ ಯಂತ್ರದಲ್ಲಿ. ಮಗು ಏನು ಹೇಳುತ್ತಿದೆಯೆಂದು ಅಪ್ಪನಿಗೆ ತಿಳಿಯದು. ಆ ಸಂಕಟ ಎಲ್ಲರದು. ಆ ಅಂಗಡಿ, ಆ ಬೀದಿ, ವಾರಕ್ಕೊಮ್ಮೆ ಮೂಟೆ ಹೊತ್ತು ಹೋಗುವ ಆ ದಿನಚರಿ ನಮ್ಮದಲ್ಲ. ಇಂಥ ಕಥೆಯ ಬಲವೆಲ್ಲ ಮಗುವಿಗೆ ಚಿರಪರಿಚಿತವಾದ ದಾರಿಯ ಮೇಲೆ ನಿಂತಿರುತ್ತದೆ: ಎಲ್ಲಿ ಬಿಟ್ಟೆವು ಎಂದು ಹಿಂದಕ್ಕೆ ನಡೆದು ಹುಡುಕಬೇಕಲ್ಲ. ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ಪರಿಷೆಯ ಜನಜಂಗುಳಿ, ಬಲೂನು, ಪೀಪಿ, ರಾಶಿ ರಾಶಿ ಕಾಯಿ, ಅಪ್ಪನ ಹೆಗಲ ಮೇಲಿಂದ ಜಾರಿದ ಒಂದು ಬಟ್ಟೆಗೊಂಬೆ. ಇಷ್ಟಕ್ಕೇ ಒಬ್ಬ ಚಿತ್ರಕಾರರಿಗೆ ಆರು ಪುಟದ ಕೆಲಸವಿದೆ.

ಆದರೂ ನನ್ನ ಎಣಿಕೆಯಲ್ಲಿ ಕನ್ನಡದ ಪುಸ್ತಕಕ್ಕೆ ಕಳೆದುಹೋಗುವುದಕ್ಕಿಂತ ಒಗೆದುಹಾಕುವುದು ಒಳ್ಳೆಯ ವಸ್ತು. ನಮ್ಮ ಮನೆಗಳಲ್ಲಿ ಗೊಂಬೆಗೋ ಹೊದಿಕೆಗೋ ಬರುವ ನಿಜವಾದ ಗಂಡಾಂತರ ಅದೇ. ಹಬ್ಬಕ್ಕೆ ಮುಂಚೆ ಮನೆಯೆಲ್ಲ ತೊಳೆಯುವ ಉತ್ಸಾಹದಲ್ಲಿ ಅದು ಸೋಪಿನ ಬಕೆಟ್ಟಿಗೆ ಬೀಳುತ್ತದೆ. ಅಲ್ಲಿ ಕಳ್ಳನಿಲ್ಲ, ದುಷ್ಟರಿಲ್ಲ, ತಪ್ಪು ಮಾಡಿದವರು ಮಗುವನ್ನು ಅತ್ಯಂತ ಪ್ರೀತಿಸುವವರೇ. ವಸ್ತು ಮರಳಿ ಸಿಗುತ್ತದೆ, ಅದರ ವಾಸನೆ ಸಿಗುವುದಿಲ್ಲ. ಅದನ್ನು ಮತ್ತೆ ತನ್ನದಾಗಿಸಿಕೊಳ್ಳಲು ಮಗುವಿಗೆ ದಿನಗಳು ಬೇಕು, ಆ ದಿನಗಳೇ ಕಥೆ. ಪಠ್ಯ ಮುನ್ನೂರು ಪದ ಮೀರಬೇಕಿಲ್ಲ. ಭಾಷೆ ಗ್ರಾಂಥಿಕವಾಗಬಾರದು; 'ಮಗುವು ದುಃಖಿತವಾಯಿತು' ಎಂಬ ಸಾಲನ್ನು ಯಾವ ಅಜ್ಜಿಯೂ ಜೋರಾಗಿ ಓದಲಾರರು. ಗೊಂಬೆಗೆ ಪುರಾಣದ ಹೆಸರಿಡಬಾರದು, ಮಕ್ಕಳು ಹಾಗೆ ಇಡುವುದಿಲ್ಲ. ಅವರು ಡುಮ್ಮ, ಪುಸ್ಸಿ, ಟುಂಯ್ ಎಂಬಂಥ ಹೆಸರಿಡುತ್ತಾರೆ. ಕೊನೆಯ ಪುಟದಲ್ಲಿ ಸ್ವಚ್ಛತೆಯ ಮಹತ್ವದ ಬಗ್ಗೆ ಎರಡು ಸಾಲು ಸೇರಿಸಿಕೊಡಿ ಎಂದು ಸಂಪಾದಕರು ಕೇಳುತ್ತಾರೆ. ಬರೆದವರು ಅದಕ್ಕೆ ಒಪ್ಪಬಾರದು.